ಸ್ವಾಮಿಯ ಮೇಲ್‌ಬಾಕ್ಸ್ ತುಂಬಿದ ಮೇಲೆ

ನಮ್ಮ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಕಲಿಸುತ್ತಿದ್ದದ್ದು ಚಪ್ಪಲಿ ಬಿಡುವುದನ್ನು. ನಗಬೇಡಿ. ಇಂಟರ್ನೆಟ್ ಕಂಪನಿಯಿಂದ ಬಂದಿದ್ದೇವೆ ಎಂದ ಕೂಡಲೇ ಮನೆಯವರು ನೋಡುವುದು ನಮ್ಮ ಕಾಲನ್ನು, ಆಮೇಲೆ ಮುಖವನ್ನು. ಮನೆಗೊಂದು ಕಂಪ್ಯೂಟರ್ ಬಂದ ಹೊಸದರಲ್ಲಿ ಅದನ್ನು ಇಡುತ್ತಿದ್ದದ್ದು ದೇವರ ಗೂಡಿನ ಪಕ್ಕದಲ್ಲೇ. ಮಾನಿಟರಿನ ಹಣೆಗೆ ಮೂರು ಕುಂಕುಮದ ಬೊಟ್ಟು, ಮೇಲೆ ಕಸೂತಿ ಹಾಕಿದ ಹೊದಿಕೆ. ದಸರಾ ಮುಗಿದ ವಾರ ನಮಗೆ ಬರುವ ದೂರುಗಳಲ್ಲಿ ಅರ್ಧ ಒಂದೇ ಬಗೆಯವು: “ಮೇಲ್ ಓಪನ್ ಆಗುತ್ತಿಲ್ಲ.” ಹೋಗಿ ನೋಡಿದರೆ ಮೇಲ್‌ಗೆ ಏನೂ ಆಗಿರುತ್ತಿರಲಿಲ್ಲ. ಪೂಜೆಯ ಅರಿಶಿನ ಮೌಸಿನ ಹೊಟ್ಟೆಯೊಳಗಿನ ಚೆಂಡಿಗೆ ಮೆತ್ತಿಕೊಂಡು ಅದು ಉರುಳುತ್ತಿರಲಿಲ್ಲ. ನನ್ನ ಚೀಲದಲ್ಲಿ ಸ್ಕ್ರೂ ಡ್ರೈವರ್ ಜೊತೆಗೆ ಒಂದು ಹಳೆಯ ಹಲ್ಲುಜ್ಜುವ ಬ್ರಷ್ ಸದಾ ಇರುತ್ತಿತ್ತು.

ನಾನು ದಾವಣಗೆರೆಯವಳು. ಮದುವೆಗೆ ಮುಂಚೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಒಂದರಲ್ಲಿ ಪಾಠ ಹೇಳುತ್ತಿದ್ದೆ. ಮದುವೆಯಾಗಿ ವಿಶಾಖಪಟ್ಟಣದ ಗಾಜುವಾಕಕ್ಕೆ ಬಂದೆ. ಗಂಡನ ಮನೆಯವರು ಮೂರು ತಲೆಮಾರಿನಿಂದ ಇಲ್ಲಿದ್ದವರು. ಅವರ ಮನೆಯಲ್ಲಿ ಕನ್ನಡ ಉಳಿದಿದ್ದದ್ದು ದೇವರ ಹಾಡಿನಲ್ಲಿ ಮತ್ತು ಬೈಗುಳದಲ್ಲಿ. ಮನೆಮನೆಗೆ ಇಂಟರ್ನೆಟ್ ಕೊಡುವ ಕಂಪನಿಯೊಂದು ಇಲ್ಲಿ ಶುರುವಾದಾಗ, ಬೆರಳು ಚುರುಕಾಗಿರುವ, ಮೂರು ಭಾಷೆ ಬಲ್ಲ ಹೆಂಗಸು ಬೇಕೆಂದು ನನ್ನನ್ನು ತೆಗೆದುಕೊಂಡರು. ಕೆಲಸ ಇಷ್ಟೇ: ಗ್ರಾಹಕರ ಕಂಪ್ಯೂಟರಿನಲ್ಲಿ ಇಮೇಲ್ ಕೂರಿಸುವುದು, ಅದು ಕೆಟ್ಟಾಗ ಹೋಗಿ ಸರಿ ಮಾಡುವುದು.

ಈಗ ನಿವೃತ್ತಳಾಗಿದ್ದೇನೆ. ದುವ್ವಾಡದ ಕಂಪನಿಗಳಿಗೆ ಕೆಲಸಕ್ಕೆಂದು ಬಂದ ಕರ್ನಾಟಕದ ಹುಡುಗ ಹುಡುಗಿಯರು ಭಾನುವಾರ ನಮ್ಮ ಮನೆಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಬರುತ್ತಾರೆ. ಅವರಲ್ಲಿ ಇಬ್ಬರು ಗ್ರಾಹಕ ಸೇವೆಗೆ ಸೇರಿದ್ದಾರೆ. “ಆಂಟಿ, ನಿಮ್ಮ ಕಾಲದ್ದು ಬರೀರಿ” ಎಂದು ಗಂಟುಬಿದ್ದರು. ನನ್ನ ಮಗಳು ತನ್ನ ತೆಲುಗು ಬೆರೆತ ಕನ್ನಡದಲ್ಲಿ, “ಅಮ್ಮಾ, ಈಗ ಮೇಲ್ ಸೆಟ್ ಮಾಡೋಕೆ ಮನೆಗೆ ಯಾರು ಬರ್ತಾರೆ ಚೆಪ್ಪು?” ಎಂದು ನಕ್ಕಳು. ಬರುವುದಿಲ್ಲ, ನಿಜ. ಆದರೆ ತಪ್ಪು ಮಾಡುವುದು ಮತ್ತು ಅದನ್ನು ಮುಚ್ಚಿಡುವುದು ಆಗ ಹೇಗಿತ್ತೋ ಈಗಲೂ ಹಾಗೇ ಇದೆ ಎಂದು ಆ ಮಕ್ಕಳ ಮಾತು ಕೇಳಿದರೆ ಗೊತ್ತಾಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ. ಇಲ್ಲಿ ಬರುವವರು ಬಹುತೇಕ ತೆಲುಗಿನಲ್ಲಿ ಮಾತಾಡಿದವರು. ಅವರ ಮಾತನ್ನು ನನಗೆ ಬಂದ ಕನ್ನಡದಲ್ಲಿ ಕೊಟ್ಟಿದ್ದೇನೆ.

ಪಾಸ್‌ವರ್ಡ್ ವಿಷಯದಿಂದ ಶುರು ಮಾಡುತ್ತೇನೆ. “ಗುಟ್ಟಾಗಿ ಇಡಬೇಕು” ಎಂದು ನಾವು ಹೇಳುತ್ತಿದ್ದೆವು. ಗಾಜುವಾಕದ ಮನೆಗಳಲ್ಲಿ ಅದು ನಡೆಯುತ್ತಿರಲಿಲ್ಲ. ಪಾಸ್‌ವರ್ಡ್ ಏನಿಡಬೇಕು ಎಂದು ನಾನು ಕೇಳಿದ ಕೂಡಲೇ ಅಡುಗೆಮನೆಯಿಂದ ಅತ್ತೆ, ಹಿತ್ತಿಲಿನಿಂದ ಮಾವ, ಪಕ್ಕದ ಮನೆಯಿಂದ ಚಿಕ್ಕಮ್ಮ ಎಲ್ಲರೂ ಹಾಲ್‌ಗೆ ಬಂದು ಸೇರುತ್ತಿದ್ದರು. ಹಿರಿಮಗನ ಹೆಸರಿಟ್ಟರೆ ಕಿರಿಮಗ ಮುನಿಸಿಕೊಳ್ಳುತ್ತಾನೆ. ಮನೆದೇವರ ಹೆಸರಿಡೋಣ ಎಂದರೆ ಗಂಡನ ಕಡೆಯ ದೇವರೋ ಹೆಂಡತಿಯ ಕಡೆಯದೋ ಎಂಬ ಪ್ರಶ್ನೆ. ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದಿದ್ದ ಒಬ್ಬರ ಮನೆಯಲ್ಲಿ ಈ ಚರ್ಚೆ ಮುಗಿಯುವಷ್ಟರಲ್ಲಿ ನಾನು ಉಪ್ಪಿಟ್ಟು ತಿಂದು ಎರಡು ಲೋಟ ಕಾಫಿ ಕುಡಿದಿದ್ದೆ. ಕೊನೆಗೆ ಒಪ್ಪಿದ ಪಾಸ್‌ವರ್ಡನ್ನು ಅವರು ಎಲ್ಲರಿಗೂ ಮರೆಯದಿರಲಿ ಎಂದು ದೊಡ್ಡ ದನಿಯಲ್ಲಿ ಮೂರು ಸಲ ಹೇಳಿ, ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದರು. ನಾನು ಹೊರಗೆ ಬಂದಾಗ ಗೇಟಿನ ಹತ್ತಿರ ಕಾಯುತ್ತಿದ್ದ ಆಟೋದವನು, “ಒಳ್ಳೇ ಹೆಸರಿಟ್ರು ಮೇಡಂ” ಎಂದ.

ನಾನು ಅದನ್ನು ತಪ್ಪೆಂದು ಹೇಳಲಿಲ್ಲ. ಒಂದೇ ಬೀರುವಿನ ಬೀಗದಕೈಯನ್ನು ಮನೆಯವರೆಲ್ಲ ಬಲ್ಲ ಕಡೆ, ಮೇಲ್‌ಬಾಕ್ಸಿಗೆ ಮಾತ್ರ ಬೇರೆ ಗುಟ್ಟು ಯಾಕೆ ಎಂದು ಅವರಿಗೆ ಅನ್ನಿಸುತ್ತಿದ್ದದ್ದು ಸಹಜವೇ. ಆ ಮನೆಗಳಲ್ಲಿ ಬಂದ ಕಾಗದವನ್ನು ಎಲ್ಲರೂ ಓದುತ್ತಿದ್ದರು. ಅದರಿಂದ ಯಾರಿಗಾದರೂ ತೊಂದರೆ ಆದೀತು ಎಂದು ನನಗೂ ಆಗ ಹೊಳೆದಿರಲಿಲ್ಲ.

ನಮ್ಮ ಮೇಲಧಿಕಾರಿ ಮೂರ್ತಿಗಾರು, ಅಂದರೆ ಮೂರ್ತಿಯವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಬಾಯಲ್ಲಿ ಸೋಂಪು. ಕೆಟ್ಟ ಮನುಷ್ಯರಲ್ಲ. ಆದರೆ ಅವರ ಹತ್ತಿರ ಎಲ್ಲ ರೋಗಕ್ಕೂ ಒಂದೇ ಮಾತ್ರೆ ಇತ್ತು. ನಾನು ಸೇರಿದ ಮೊದಲ ದಿನವೇ ಅದನ್ನು ನನಗೆ ಕೊಟ್ಟರು.

“ನೋಡಮ್ಮಾ ಗಿರಿಜಾ, ಗ್ರಾಹಕರ ಹತ್ತಿರ ಗೊತ್ತಿಲ್ಲ ಅನ್ನಬಾರದು. ತಪ್ಪಾಯ್ತು ಅಂತಂತೂ ಅನ್ನಲೇಬಾರದು. ಏನು ಅನ್ನಬೇಕು?”

“ಏನನ್ನಬೇಕು ಸಾರ್?”

“ಸರ್ವರ್ ಪ್ರಾಬ್ಲಂ.”

ಸರ್ವರ್ ಎಂದರೆ ಕಂಪನಿಯ ದೊಡ್ಡ ಕಂಪ್ಯೂಟರ್. ಎಲ್ಲರ ಪತ್ರಗಳೂ ಮೊದಲು ಅಲ್ಲಿಗೆ ಬಂದು, ಮನೆಯ ಕಂಪ್ಯೂಟರ್ ಬಂದು ಕೇಳುವವರೆಗೆ ಅಲ್ಲೇ ಕಾಯುತ್ತವೆ. ಅದನ್ನು ಯಾರೂ ಕಂಡಿಲ್ಲ, ಅದು ಎದುರು ಮಾತಾಡುವುದಿಲ್ಲ. ನಾನು ತಪ್ಪಾಗಿ ವಿಳಾಸ ಟೈಪ್ ಮಾಡಿದರೂ ಸರ್ವರ್ ಪ್ರಾಬ್ಲಂ, ಇಲಿ ಕೇಬಲ್ ಕಡಿದರೂ ಸರ್ವರ್ ಪ್ರಾಬ್ಲಂ. ಮೂರ್ತಿಗಾರು ಒಮ್ಮೆ ಆಫೀಸಿಗೆ ತಡವಾಗಿ ಬಂದು ಆ ಮಾತನ್ನೇ ಅಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ನಾನೂ ಕಲಿತೆ. ಒಂದು ವರ್ಷದೊಳಗೆ ಆ ಎರಡು ಪದ ನನ್ನ ಬಾಯಿಂದ ಉಸಿರಿನಷ್ಟು ಸಲೀಸಾಗಿ ಬರುತ್ತಿದ್ದವು.

ಇನ್ನು ಸ್ವಾಮಿಯ ಕಥೆ. ಗಾಜುವಾಕದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಒಬ್ಬ ಗೃಹಸ್ಥರು ಕನೆಕ್ಷನ್ ತೆಗೆದುಕೊಂಡರು. ಒಂದು ಕನೆಕ್ಷನ್‌ಗೆ ನಮ್ಮ ಕಂಪನಿ ಐದು ಮೇಲ್‌ಬಾಕ್ಸ್ ಉಚಿತವಾಗಿ ಕೊಡುತ್ತಿತ್ತು. ರಾಹುಕಾಲ ಕಳೆಯುವವರೆಗೆ ನನ್ನನ್ನು ಕೂರಿಸಿ, ಆಮೇಲೆ ಅವರು ಹೇಳಿದರು: “ನಾಲ್ಕು ನಮಗೆ. ಒಂದು ಸ್ವಾಮಿಗೆ.” ಅವರ ಮನೆಯಲ್ಲಿ ಮದುವೆಯ ಮೊದಲ ಲಗ್ನಪತ್ರಿಕೆ ಏಳು ಬೆಟ್ಟದ ಸ್ವಾಮಿಗೆ ಹೋಗುತ್ತಿತ್ತು. ಹಾಗೆಯೇ ಮೊದಲ ಇಮೇಲ್ ಕೂಡ ಸ್ವಾಮಿಗೇ ಹೋಗಬೇಕು, ಸ್ವಾಮಿಗೆ ವಿಳಾಸ ಇಲ್ಲದಿದ್ದರೆ ನಾವೇ ಮಾಡಿಕೊಟ್ಟರಾಯಿತು ಎಂಬುದು ಅವರ ವಾದ. ನಾನು ಸ್ವಾಮಿಯ ಹೆಸರಿನಲ್ಲಿ ಒಂದು ಮೇಲ್‌ಬಾಕ್ಸ್ ತೆರೆದೆ. ಅವರು ಕಣ್ಣಿಗೊತ್ತಿಕೊಂಡು ಒಂದೇ ಸಾಲಿನ ಮೇಲ್ ಕಳಿಸಿದರು. ಸ್ವಾಮಿಯ ಪಾಸ್‌ವರ್ಡನ್ನು ಮಾತ್ರ ಯಾರೂ ಇಟ್ಟುಕೊಳ್ಳಬಾರದೆಂದು ಚೀಟಿಯಲ್ಲಿ ಬರೆಸಿ ಹುಂಡಿಗೆ ಹಾಕಿದರು.

ಆಮೇಲೆ ಮನೆಯಲ್ಲಿ ಒಳ್ಳೆಯದಾದಾಗಲೆಲ್ಲ ಸ್ವಾಮಿಗೆ ಮೇಲ್ ಹೋಗುತ್ತಿತ್ತು. ಮೊಮ್ಮಗ ಹುಟ್ಟಿದ ಫೋಟೋ, ಹೊಸ ಗಾಡಿಯ ಫೋಟೋ. ಒಂದು ದಿನ ಅವರು ನಡುಗುವ ದನಿಯಲ್ಲಿ ಫೋನ್ ಮಾಡಿದರು. “ಅಮ್ಮಾ, ಸ್ವಾಮಿ ನಮ್ಮ ಕಾಗದ ವಾಪಸ್ ಕಳಿಸಿಬಿಟ್ಟರು. ನಮ್ಮಿಂದ ಏನೋ ಅಪಚಾರ ಆಗಿದೆ.” ಅವರ ಹೆಂಡತಿ ಆಗಲೇ ಉಪವಾಸ ಕೂತಾಗಿತ್ತಂತೆ. ಹೋಗಿ, ಆಫೀಸಿನಿಂದ ಪಾಸ್‌ವರ್ಡ್ ಬದಲಾಯಿಸಿಕೊಂಡು ಬಾಕ್ಸ್ ತೆರೆದು ನೋಡಿದೆ. ಸ್ವಾಮಿಯ ಮೇಲ್‌ಬಾಕ್ಸ್ ತುಂಬಿಹೋಗಿತ್ತು. ಅದರಿಂದ ಪತ್ರಗಳನ್ನು ಇಳಿಸಿಕೊಳ್ಳುವವರೇ ಇಲ್ಲದೆ ಎಲ್ಲವೂ ಸರ್ವರ್‌ನಲ್ಲೇ ರಾಶಿ ಬಿದ್ದಿದ್ದವು. ತುಂಬಿಸಿದ್ದು ಇವರ ಫೋಟೋಗಳಿಗಿಂತ ಹೆಚ್ಚಾಗಿ ಜಾಹೀರಾತುಗಳು. ಕೂದಲು ಉದುರುವುದಕ್ಕೆ ಎಣ್ಣೆ, ಮನೆಯಲ್ಲೇ ಕೂತು ಇಂಗ್ಲಿಷ್ ಕಲಿಯುವ ಕ್ಯಾಸೆಟ್. ಸುಲಭವಾಗಿ ಸಾಲ ಬೇಕೇ ಎಂದು ಸ್ವಾಮಿಯನ್ನೇ ಕೇಳಿದವರೂ ಇದ್ದರು. ಕುಬೇರನ ಹಳೆಯ ಸಾಲವೇ ಇನ್ನೂ ತೀರದ ಸ್ವಾಮಿಗೆ!

ನಾನು ಎಲ್ಲ ಅಳಿಸಿ, ಸ್ವಾಮಿಗೆ ಸಿಟ್ಟಿಲ್ಲ, ಜಾಗ ಸಾಲದಾಗಿತ್ತು ಎಂದು ಅವರ ಹೆಂಡತಿಗೆ ಊಟ ಮಾಡಿಸಿ ಬಂದೆ. ಆಫೀಸಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಮೂರ್ತಿಗಾರು ಮಾತ್ರ ನಗಲಿಲ್ಲ. ಬಾಕ್ಸ್ ತುಂಬಿದ ದೂರು ಬೇರೆ ಮನೆಗಳಿಂದಲೂ ಬರತೊಡಗಿತ್ತು. ಅವರು ಹೊಸ ನಿಯಮ ಹೊರಡಿಸಿದರು.

ಅದನ್ನು ಸ್ವಲ್ಪ ವಿವರಿಸಬೇಕು, ಯಾಕೆಂದರೆ ನನ್ನ ದೊಡ್ಡ ತಪ್ಪು ಅಲ್ಲಿಂದಲೇ ಹುಟ್ಟಿದ್ದು. ಆಗಿನ ಮೇಲ್ ಪ್ರೋಗ್ರಾಮಿನಲ್ಲಿ ಒಂದು ಸಣ್ಣ ಚೌಕವಿತ್ತು. ಅದಕ್ಕೆ ಟಿಕ್ ಹಾಕಿದರೆ, ಮನೆಯ ಕಂಪ್ಯೂಟರ್ ಪತ್ರವನ್ನು ಇಳಿಸಿಕೊಂಡ ಮೇಲೂ ಒಂದು ಪ್ರತಿ ಸರ್ವರ್‌ನಲ್ಲಿ ಉಳಿಯುತ್ತದೆ. ಟಿಕ್ ಇಲ್ಲದಿದ್ದರೆ, ಇಳಿಸಿಕೊಂಡ ಕೂಡಲೇ ಸರ್ವರ್‌ನಿಂದ ಅಳಿಸಿಹೋಗುತ್ತದೆ. “ಯಾರ ಮನೆಯಲ್ಲೂ ಟಿಕ್ ಹಾಕಬೇಡಿ, ಬಾಕ್ಸ್ ತುಂಬುವ ಮಾತೇ ಇರಬಾರದು” ಎಂದರು ಮೂರ್ತಿಗಾರು. ಅಂದಿನಿಂದ ನನ್ನ ಬೆರಳು ಆ ಚೌಕದ ಹತ್ತಿರವೂ ಸುಳಿಯಲಿಲ್ಲ. ಒಂದು ಮನೆಗೆ ಒಂದೇ ಕಂಪ್ಯೂಟರ್ ಇರುವವರೆಗೆ ಅದರಿಂದ ತೊಂದರೆಯೂ ಇರಲಿಲ್ಲ.

ಆಮೇಲೆ ಕಂಪನಿ ವಿಜಯವಾಡದಲ್ಲಿ ಶಾಖೆ ತೆರೆದು ನನ್ನನ್ನು ಅಲ್ಲಿಗೆ ಕಳಿಸಿತು. ಮೂರ್ತಿಗಾರು ವಿಶಾಖಪಟ್ಟಣದಲ್ಲೇ ಕೂತು ಫೋನಿನಲ್ಲಿ ನಮ್ಮನ್ನು ಆಳುತ್ತಿದ್ದರು. ಅಲ್ಲಿನ ಒನ್ ಟೌನ್ ಎಂದರೆ ಸಗಟು ವ್ಯಾಪಾರಿಗಳ ಹಳೆಯ ಪೇಟೆ. ಕೆಳಗೆ ಅಂಗಡಿ, ಮೇಲೆ ಮನೆ. ಅಲ್ಲಿ ರಂಗಯ್ಯಗಾರು ಎಂಬ ಕಾಗದದ ವ್ಯಾಪಾರಿಯ ಮೂರು ಮಹಡಿಯ ಮನೆಗೆ ಕನೆಕ್ಷನ್ ಕೊಡಲು ಹೋದೆ. ನೆಲಮಹಡಿಯಲ್ಲಿ ಅವರ ಅಂಗಡಿ. ಮೊದಲ ಮಹಡಿಯಲ್ಲಿ ದೊಡ್ಡ ಮಗನ ಸಂಸಾರ, ಎರಡನೆಯದರಲ್ಲಿ ಚಿಕ್ಕ ಮಗನದು. ಮೂರು ಕಡೆಯೂ ಒಂದೊಂದು ಕಂಪ್ಯೂಟರ್. ಐದು ಮೇಲ್‌ಬಾಕ್ಸ್ ಬರುತ್ತದೆ, ಯಾರ್ಯಾರ ಹೆಸರಿನಲ್ಲಿ ಮಾಡಲಿ ಎಂದು ಕೇಳಿದೆ. ರಂಗಯ್ಯಗಾರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಅಮ್ಮಾ, ನಮ್ಮ ಮನೆಗೆ ಬಾಗಿಲು ಎಷ್ಟು?”

“ಒಂದು, ರಂಗಯ್ಯಗಾರು.”

“ವಿಳಾಸವೂ ಒಂದೇ ಸಾಕು.”

ಒಂದೇ ವಿಳಾಸವನ್ನು ಮೂರು ಕಂಪ್ಯೂಟರಿಗೂ ಹಾಕಿದೆ. ಮೂರರಲ್ಲೂ ಟಿಕ್ ಹಾಕದೆ ಬಿಟ್ಟೆ. ಅಂಗಡಿಯಲ್ಲಿ ಕೊಟ್ಟ ಮಜ್ಜಿಗೆ ಕುಡಿದು, ಒಳ್ಳೆಯ ಕೆಲಸ ಮಾಡಿದ ಹೆಮ್ಮೆಯಲ್ಲಿ ಎದ್ದು ಬಂದೆ.

ಈಗ ಓದುವ ಮಕ್ಕಳು ತಲೆ ಚಚ್ಚಿಕೊಳ್ಳುತ್ತಿರಬಹುದು. ಚಚ್ಚಿಕೊಳ್ಳಿ. ಮೂರರಲ್ಲಿ ಯಾವ ಕಂಪ್ಯೂಟರ್ ಮೊದಲು ಕೇಳುತ್ತದೋ ಅದು ಎಲ್ಲರ ಪತ್ರಗಳನ್ನೂ ಬಾಚಿಕೊಂಡು ಹೋಗುತ್ತದೆ, ಮಿಕ್ಕವಕ್ಕೆ ಏನೂ ಸಿಗುವುದಿಲ್ಲ. ಅಂಗಡಿಯ ಕಂಪ್ಯೂಟರ್ ಬೆಳಿಗ್ಗೆ ಏಳಕ್ಕೆ ಶುರುವಾಗಿ ರಾತ್ರಿ ಅಂಗಡಿ ಮುಚ್ಚುವವರೆಗೆ ಓಡುತ್ತಿತ್ತು. ಮೇಲಿನವರು ಬಿಡುವಾದಾಗ ಹಾಕುತ್ತಿದ್ದರು. ಒಂದು ವಾರದಲ್ಲೇ ಎರಡನೇ ಮಹಡಿಯಿಂದ ದೂರು ಬಂತು: ಮೇಲ್ ಬರುತ್ತಿಲ್ಲ. ಫೋನಿನಲ್ಲಿ ನಾನೇ ಉತ್ತರ ಕೊಟ್ಟೆ. ಏನು ಕೊಟ್ಟೆ ಎಂದು ನಿಮಗೆ ಗೊತ್ತು. ಪರೀಕ್ಷೆಗೆಂದು ಆಫೀಸಿನಿಂದ ‘ಟೆಸ್ಟ್’ ಎಂದು ಬರೆದು ಒಂದು ಮೇಲ್ ಕಳಿಸಿದೆ. ಬರಲಿಲ್ಲ ಎಂದರು. ಮತ್ತೆ ಕಳಿಸಿದೆ. ಹೀಗೆ ಮೂರು ಸಲ ದೂರು, ಮೂರು ಸಲ ಸರ್ವರ್ ಪ್ರಾಬ್ಲಂ, ಒಟ್ಟು ಹನ್ನೊಂದು ಟೆಸ್ಟ್. ನಾಲ್ಕನೆಯ ದೂರಿಗೆ ನಾಚಿಕೆಯಾಗಿ ಚೀಲ ಹೆಗಲಿಗೇರಿಸಿಕೊಂಡು ಹೊರಟೆ. ಬೆಳಿಗ್ಗೆ ಹತ್ತು ಗಂಟೆ ದಾಟಿತ್ತು.

ಎರಡನೇ ಮಹಡಿಯಲ್ಲಿ ಬಾಗಿಲು ತೆಗೆದವಳು ಚಿಕ್ಕ ಸೊಸೆ ಸುಮ. ನಾನು ಯಾರೊಂದಿಗೋ ಫೋನಿನಲ್ಲಿ ಕನ್ನಡ ಮಾತಾಡುತ್ತ ಮೆಟ್ಟಿಲು ಹತ್ತಿದ್ದನ್ನು ಕೇಳಿಸಿಕೊಂಡಿದ್ದಳು. ಮುಖ ಅರಳಿಸಿಕೊಂಡು, “ಅಕ್ಕಾ, ನೀವು ಕನ್ನಡದೋರೇನ್ರೀ? ನಂದು ಸಿಂಧನೂರು” ಎಂದಳು. ನೀರು ಕೊಟ್ಟಳು. ನಾನು ಕಂಪ್ಯೂಟರ್ ಮುಂದೆ ಕೂತ ಮೇಲೆ ಪಕ್ಕದಲ್ಲೇ ನಿಂತಳು. ಹೊರಗೆ ವರಾಂಡದಲ್ಲಿ ದೊಡ್ಡ ಸೊಸೆ ಬೇಳೆ ಆರಿಸುತ್ತಿದ್ದರು. ಆ ಮನೆಯಲ್ಲಿ ಮತ್ತೆ ಯಾರಿಗೂ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ಸುಮ ದನಿ ತಗ್ಗಿಸುವ ಅಗತ್ಯವೂ ಇಲ್ಲದೆ ತನ್ನ ಗುಟ್ಟು ಹೇಳಿದಳು.

“ಅಕ್ಕಾ, ನಾ ಫಾರ್ಮಸಿ ಓದೀನಿ. ಇಲ್ಲೇ ಒಂದು ದವಾಖಾನಿಗೆ ಅರ್ಜಿ ಹಾಕೀನ್ರೀ. ಮೇಲ್‌ನ್ಯಾಗ ತಿಳಸ್ತೀವಿ ಅಂದಿದ್ರು. ಹನ್ನೆರಡು ದಿನ ಆತು, ಒಂದೂ ಬಂದಿಲ್ಲ.”

“ಮನೇಲಿ ಗೊತ್ತಾ?”

“ಇವರಿಗೆ ಗೊತ್ತದ. ಮಾವಯ್ಯಾರಿಗೆ ಗೊತ್ತಿಲ್ರೀ. ಈ ಮನ್ಯಾಗ ಯಾರೂ ಹೊರಗ ದುಡ್ಯಾಕ ಹೋಗಿಲ್ಲಂತ. ಕೆಲಸ ಸಿಕ್ಕ ಮ್ಯಾಲ ಹೇಳೋಣು ಅಂತ ಇವರು ಅಂದ್ರು.” ಮಾನಿಟರಿನ ಧೂಳನ್ನು ಸೆರಗಿನಿಂದ ಒರೆಸುತ್ತ, “ಬರೋದಿದ್ರ ಬರ್ತಿತ್ತು ಬಿಡ್ರಿ. ನನ್ನ ನಸೀಬದಾಗ ಇಲ್ಲ ಕಾಣಸ್ತದ” ಎಂದಳು.

“ನಸೀಬಲ್ಲ ಕಣಮ್ಮ, ತಡಿ ನೋಡ್ತೀನಿ” ಎಂದು ಸೆಟ್ಟಿಂಗ್ ತೆರೆದೆ. ಆ ಸಣ್ಣ ಚೌಕ ಖಾಲಿ ಇತ್ತು. ಮೂರು ಮಹಡಿ, ಮೂರು ಕಂಪ್ಯೂಟರ್, ಒಂದು ವಿಳಾಸ. ಎಲ್ಲ ಒಟ್ಟಿಗೆ ತಲೆಗೆ ಬಂತು. ನನ್ನ ಕಿವಿ ಬಿಸಿಯಾದದ್ದು ಇವತ್ತಿಗೂ ನೆನಪಿದೆ. ಈ ಹುಡುಗಿ ಹನ್ನೆರಡು ದಿನದಿಂದ ತನ್ನ ಹಣೆಬರಹವನ್ನು ಬೈದುಕೊಳ್ಳುತ್ತಿದ್ದಾಳೆ, ಆ ಹಣೆಬರಹ ಬರೆದವಳು ಅವಳೆದುರಿಗೇ ಕೂತು ನೀರು ಕುಡಿಯುತ್ತಿದ್ದಾಳೆ.

“ನಿನ್ನ ಮೇಲ್ ಬಂದಿದ್ದರೆ ಕೆಳಗೆ ಅಂಗಡಿಗೆ ಬಂದಿರುತ್ತೆ. ತಪ್ಪು ನಂದೇ” ಎಂದೆ. ಅವಳ ಮುಖ ಬಿಳಿಚಿಕೊಂಡಿತು. “ಮಾವಯ್ಯಾರ ಹಂತ್ಯಾಕ? ನಾವು ಬರೆದದ್ದಕ್ಕ ಜವಾಬು ಈ ಕಂಪ್ಯೂಟರಿಗೇ ಬರ್ತದ ಅಂದ್ಕೊಂಡಿದ್ನಲ್ರೀ” ಎಂದಳು. ಅವಳ ಹೆಸರು ಎತ್ತುವುದಿಲ್ಲ ಎಂದು ಮಾತು ಕೊಟ್ಟು ಕೆಳಗಿಳಿದೆ.

ರಂಗಯ್ಯಗಾರು ಗಾದಿಯ ಮೇಲೆ ಕೂತಿದ್ದರು. ಅವರ ತಲೆಯ ಹಿಂದೆ, ಗೋಡೆಗೆ ನೇತುಹಾಕಿದ ಕೊಕ್ಕೆ ತಂತಿ. ಹಳೆಯ ಅಂಗಡಿಗಳಲ್ಲಿ ಬಂದ ಕಾಗದಗಳನ್ನು ಚುಚ್ಚಿ ಇಡುತ್ತಾರಲ್ಲ, ಅದು. ಅವರಿಗೆ ಪರದೆಯ ಮೇಲೆ ಓದುವುದು ಸೇರುತ್ತಿರಲಿಲ್ಲ. ಬಂದ ಪ್ರತಿಯೊಂದು ಮೇಲನ್ನೂ ಗುಮಾಸ್ತ ಪ್ರಿಂಟ್ ಹಾಕುತ್ತಿದ್ದ, ಇವರು ಓದಿ ತಂತಿಗೆ ಚುಚ್ಚುತ್ತಿದ್ದರು. ಕಾಗದದ ವ್ಯಾಪಾರಿಗೆ ಕಾಗದಕ್ಕೇನು ಕೊರತೆ! ತಿಂಗಳ ಕೊನೆಗೊಮ್ಮೆ ಮೇಲಿನವರ ಕಾಗದಗಳನ್ನು ಬೇರೆ ಮಾಡಿ ಹಂಚುವುದು ಅವರ ಕ್ರಮವಂತೆ, ಆ ದಿನ ಇನ್ನೂ ಬಂದಿರಲಿಲ್ಲ. ಅವರ ತಂದೆಯ ಕಾಲದಿಂದ ಪೋಸ್ಟ್‌ಮ್ಯಾನ್ ತಂದ ಟಪಾಲು ಆ ಮನೆಯಲ್ಲಿ ಹೀಗೇ ಹಂಚಿಕೆಯಾಗುತ್ತಿತ್ತು.

ನನ್ನನ್ನು ನೋಡಿದ ಕೂಡಲೇ ತಂತಿಯಿಂದ ಒಂದು ಕಂತೆ ಕಿತ್ತು ಮುಂದಿಟ್ಟರು. ಹನ್ನೊಂದು ಹಾಳೆ, ಹನ್ನೊಂದರಲ್ಲೂ ‘ಟೆಸ್ಟ್’.

“ಯಾರಮ್ಮಾ ಇದು, ಈ ವಯಸ್ಸಿನಲ್ಲಿ ನನಗೆ ದಿನಾ ಪರೀಕ್ಷೆ ಕೊಡುತ್ತಿರೋದು?”

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಸರ್ವರ್ ಪ್ರಾಬ್ಲಂ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿ, ಮೂರು ಕಡೆಯೂ ಟಿಕ್ ಹಾಕಿ ಎದ್ದು ಹೋಗಬಹುದಿತ್ತು. ಇನ್ನು ಮುಂದೆ ಎಲ್ಲರಿಗೂ ಎಲ್ಲ ಪತ್ರವೂ ಬರುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಆಗಲೇ ಕೆಳಗೆ ಇಳಿದುಬಿಟ್ಟ ಪತ್ರ ಮಾತ್ರ ಮೇಲೆ ಹೋಗುತ್ತಿರಲಿಲ್ಲ. ಇದ್ದದ್ದನ್ನೇ ಹೇಳಿದೆ.

“ರಂಗಯ್ಯಗಾರು, ಸರ್ವರ್ ಚೆನ್ನಾಗೇ ಇತ್ತು. ತಪ್ಪು ಮಾಡಿದ್ದು ನಾನು. ಮೂರು ಮಹಡಿಯವರ ಕಾಗದವೂ ನಿಮ್ಮ ಹತ್ತಿರವೇ ಬರೋ ಹಾಗೆ ಮಾಡಿಟ್ಟಿದ್ದೇನೆ. ಫೋನಿನಲ್ಲಿ ಸುಳ್ಳು ಹೇಳಿದವಳೂ ನಾನೇ. ಮೇಲಿನವರ ಕಾಗದ ಏನೇನು ಬಂದಿದೆ ನೋಡಿ ಕೊಡಬೇಕು.”

ಅವರು ಟೆಸ್ಟ್ ಹಾಳೆಗಳನ್ನು ಒಟ್ಟು ಮಾಡಿ ಮತ್ತೆ ತಂತಿಗೆ ಚುಚ್ಚಿದರು. “ಆ ಹುಡುಗಿ ಕಳಿಸಿದಳಾ?” ಎಂದು ಕೇಳಿದರು. ಯಾವ ಹುಡುಗಿ ಎಂದು ನಾನು ಕೇಳಲಿಲ್ಲ.

“ಇಲ್ಲ. ನನ್ನ ತಪ್ಪು ನೋಡೋಕೆ ನಾನೇ ಬಂದೆ.”

“ನಲವತ್ತು ವರ್ಷದಿಂದ ವ್ಯಾಪಾರ ಮಾಡ್ತಿದೀನಮ್ಮಾ. ಕಂಪನಿಯವರು ಬಂದು ತಪ್ಪು ನಮ್ಮದು ಅಂದದ್ದು ಇದೇ ಮೊದಲು” ಎಂದರು. ಆಮೇಲೆ ಗಾದಿಯ ಪಕ್ಕದಲ್ಲಿದ್ದ ಪಂಚಾಂಗವನ್ನು ತೆಗೆದು, ಅದರ ನಡುವಿನಿಂದ ಮಡಿಸಿದ ಒಂದು ಹಾಳೆಯನ್ನು ಎಳೆದರು. ಅದನ್ನು ತಂತಿಗೆ ಚುಚ್ಚಿರಲಿಲ್ಲ. “ನನ್ನದೂ ಇದೆ. ಎಂಟು ದಿನ ಆಯ್ತು ಬಂದು. ಬಂದು ಕೇಳಲಿ ಅಂತ ಕಾದೆ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಇವತ್ತು ಹನ್ನೆರಡು ಗಂಟೆಯೊಳಗೆ ಜವಾಬು ಕೊಡಬೇಕಂತೆ. ಗಂಟೆ ದಾಟಿದರೆ ತಾನೇ ಮುಗಿದುಹೋಗುತ್ತೆ ಅಂದುಕೊಂಡೆ. ನೀವು ಸರ್ವರ್ ಪ್ರಾಬ್ಲಂ ಅಂತಿದ್ದಿರಿ ಕದಾ, ನನಗೂ ಅದು ಅನುಕೂಲವಾಯ್ತು.”

ನನ್ನ ಮೂರು ಸುಳ್ಳು ಎಲ್ಲಿ ಹೋಗಿ ಕೂತಿದ್ದವು ಎಂದು ಆಗ ಗೊತ್ತಾಯಿತು. ಅಂಗಡಿಯ ಗಡಿಯಾರ ಹನ್ನೊಂದು ಹತ್ತು ತೋರಿಸುತ್ತಿತ್ತು. ಮೆಟ್ಟಿಲ ಬುಡದಲ್ಲಿ ಸುಮ ಸೆರಗಿನ ತುದಿ ಹಿಡಿದು ನಿಂತಿದ್ದಳು. ಅವರು ಹಾಳೆಯನ್ನು ಅವಳ ಕಡೆ ಚಾಚಿದರು.

“ತಗೋ ತಲ್ಲೀ. ಓದಿಕೋ.”

ಅವಳು ನಿಂತಲ್ಲೇ ಓದಿದಳು. ಸಂದರ್ಶನ ಸೋಮವಾರ, ಬರುವುದಾಗಿ ಇವತ್ತು ಮಧ್ಯಾಹ್ನದೊಳಗೆ ತಿಳಿಸಬೇಕು. ಕಣ್ಣೊರೆಸಿಕೊಂಡು ಅಂಗಡಿಯ ಕಂಪ್ಯೂಟರಿನ ಕಡೆ ಹೆಜ್ಜೆ ಹಾಕಿದಳು. ರಂಗಯ್ಯಗಾರು ಕೈ ಅಡ್ಡ ಹಿಡಿದರು.

“ಇದರಿಂದ ಬೇಡ. ಇದರಿಂದ ಬರೆದರೆ ಅವರ ಮುಂದಿನ ಕಾಗದವೂ ನನ್ನ ಹತ್ತಿರಾನೇ ಬರುತ್ತೆ. ಮತ್ತೆ ಪಂಚಾಂಗದಲ್ಲಿ ಇಡೋದಿಲ್ಲ ಅಂತ ನನಗೇ ಧೈರ್ಯ ಇಲ್ಲ.” ನನ್ನ ಕಡೆ ತಿರುಗಿ, “ಐದರಲ್ಲಿ ಇನ್ನೂ ನಾಲ್ಕು ಉಳಿದಿವೆ ಅಲ್ಲವಾ? ಒಂದು ಇವಳ ಹೆಸರಿಗೆ ಮಾಡು” ಎಂದರು.

ಹೊಸ ಮೇಲ್‌ಬಾಕ್ಸ್ ತೆರೆಯಬೇಕಾದರೆ ವಿಶಾಖಪಟ್ಟಣದಿಂದ ಆಗಬೇಕು. ಮೂರ್ತಿಗಾರಿಗೆ ಫೋನ್ ಮಾಡಿದೆ. ಅರ್ಜಿ ಕಳಿಸು, ಎರಡು ದಿನ ಬೇಕು ಎಂದರು. ಈಗಲೇ ಬೇಕು ಸಾರ್, ತಪ್ಪು ನನ್ನದು ಎಂದು ಗ್ರಾಹಕರಿಗೆ ಹೇಳಿಬಿಟ್ಟಿದ್ದೇನೆ ಎಂದೆ. ಆ ಕಡೆ ಸೋಂಪು ಅಗಿಯುವ ಸದ್ದು ನಿಂತಿತು.

“ಏನು ಹೇಳಿದೆ?”

“ಇದ್ದದ್ದು ಹೇಳಿದೆ ಸಾರ್. ಬೇಕಾದರೆ ಮೆಮೋ ಕೊಡಿ. ಮೇಲ್‌ಬಾಕ್ಸ್ ಮೊದಲು ಕೊಡಿ.”

ಅವರು ಬೈದರು. ಒಂದಿಷ್ಟು ಬೈಗುಳ ತೆಲುಗಿನಲ್ಲಿ, ಮಿಕ್ಕಿದ್ದು ಇಂಗ್ಲಿಷಿನಲ್ಲಿ. ಬೈಯುತ್ತಲೇ ಕೀಲಿ ಒತ್ತುವ ಸದ್ದೂ ಕೇಳಿಸುತ್ತಿತ್ತು. ಹನ್ನೊಂದು ಮೂವತ್ತೈದಕ್ಕೆ ಮೇಲ್‌ಬಾಕ್ಸ್ ಸಿದ್ಧವಾಯಿತು.

ಎಲ್ಲರೂ ಎರಡನೇ ಮಹಡಿಗೆ ಹತ್ತಿದೆವು. ಮಂಡಿನೋವಿನ ರಂಗಯ್ಯಗಾರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರಿ ಬಂದರು. ನಾನು ಈ ಸಲ ಚೌಕಕ್ಕೆ ಟಿಕ್ ಹಾಕಿ, ಎರಡು ಸಲ ನೋಡಿ, “ಪಾಸ್‌ವರ್ಡ್ ಏನಿಡೋಣ?” ಎಂದು ರೂಢಿಯಂತೆ ಕೇಳಿದೆ. ಕೇಳಿದ್ದೇ ತಡ, ದೊಡ್ಡ ಸೊಸೆ ಬೇಳೆಯ ಮೊರ ಹಿಡಿದುಕೊಂಡೇ ಬಂದರು, ಗುಮಾಸ್ತ ಬಾಗಿಲಲ್ಲಿ ಕತ್ತು ಚಾಚಿದ. ಒಬ್ಬರು ಮನೆದೇವರ ಹೆಸರು ಹೇಳಿದರು, ಇನ್ನೊಬ್ಬರು ಅಂಗಡಿಯದು.

“ನಿಲ್ಲಿ” ಎಂದರು ರಂಗಯ್ಯಗಾರು. “ಯಾರೂ ಏನೂ ಹೇಳಬೇಡಿ. ಎಲ್ಲರೂ ಆ ಕಡೆ ತಿರುಗಿ.”

ಯಾರೂ ತಿರುಗಲಿಲ್ಲ. ಅವರು ಹೇಳಿದ್ದೇನೆಂದು ಯಾರಿಗೂ ಅರ್ಥವಾಗಿರಲಿಲ್ಲ. ಆಗ ಅವರೇ ಮೊದಲು ತಿರುಗಿದರು. ಎಪ್ಪತ್ತು ದಾಟಿದ ಆ ಮನೆಯ ಯಜಮಾನ, ಸೊಸೆಗೆ ಬೆನ್ನು ಮಾಡಿ, ಗೋಡೆಯ ಕ್ಯಾಲೆಂಡರಿಗೆ ಮುಖ ಕೊಟ್ಟು, ಕೈ ಹಿಂದೆ ಕಟ್ಟಿಕೊಂಡು ನಿಂತರು. ದೊಡ್ಡ ಸೊಸೆ ಮೊರದ ಸಮೇತ ತಿರುಗಿದರು. ಗುಮಾಸ್ತ ತಿರುಗಿದ. ನಾನು ಕುರ್ಚಿ ಬಿಟ್ಟುಕೊಟ್ಟು ಅವರ ಸಾಲಿನಲ್ಲಿ ಹೋಗಿ ನಿಂತೆ. ನನ್ನ ಕಣ್ಣು ತುಂಬಿತ್ತು. ಹಿಂದಿನಿಂದ ಕೀಲಿಗಳನ್ನು ನಿಧಾನವಾಗಿ ಒತ್ತುವ ಸದ್ದು ಮಾತ್ರ ಬರುತ್ತಿತ್ತು.

ಜವಾಬು ಹನ್ನೆರಡಕ್ಕೆ ಹನ್ನೊಂದು ನಿಮಿಷ ಇರುವಾಗ ಹೋಯಿತು. ಸುಮಳಿಗೆ ಕೆಲಸ ಸಿಕ್ಕಿತು. ರಂಗಯ್ಯಗಾರು ಆಮೇಲೆ ತಮ್ಮ ಬಿಪಿ ಮಾತ್ರೆಗೆ ಆ ಆಸ್ಪತ್ರೆಗೇ ಹೋಗಿ, ಸೊಸೆಯ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತು, “ಚೀಟಿ ತೋರಿಸಿ ಮಾವಯ್ಯಾ” ಎಂದು ಅನ್ನಿಸಿಕೊಂಡು ಬರುತ್ತಿದ್ದರಂತೆ. ನನಗೆ ಮೆಮೋ ಬಂತು. ದೂರಿನ ಪುಸ್ತಕದಲ್ಲಿ ಕಾರಣ ಎಂಬ ಕಡೆ ‘ಟಿಕ್ ಹಾಕಿರಲಿಲ್ಲ, ತಪ್ಪು ನನ್ನದು’ ಎಂದು ಬರೆದಿದ್ದೆ. ಮೂರ್ತಿಗಾರು ಅದನ್ನು ಹೊಡೆದುಹಾಕಲಿಲ್ಲ, ಅದರ ಕೆಳಗೆ ರುಜು ಹಾಕಿದರು. ಎರಡು ಕಂಪ್ಯೂಟರ್ ಇದ್ದ ಮನೆಗಳಿಗೆಲ್ಲ ಮತ್ತೆ ಹೋಗಿ, ಚಪ್ಪಲಿ ಬಿಟ್ಟು, ಟಿಕ್ ಹಾಕಿ, ಹತ್ತು ದಿನವಾದ ಮೇಲೆ ತಾನೇ ಅಳಿಸಿಹೋಗುವಂತೆ ಇನ್ನೊಂದು ಚೌಕಕ್ಕೂ ಟಿಕ್ ಹಾಕಿ ಬಂದೆ. ಆ ಎರಡನೆಯ ಚೌಕ ಮೊದಲಿಂದಲೂ ಅಲ್ಲೇ ಇತ್ತು, ಯಾರೂ ನೋಡಿರಲಿಲ್ಲ. ಈಗ ಪತ್ರಗಳೆಲ್ಲ ಸರ್ವರ್‌ನಲ್ಲೇ ಇರುತ್ತವೆ, ಈ ಕಾಟ ನಿಮಗಿಲ್ಲ.

ಗಾಜುವಾಕದ ಆ ಮನೆಗಳ ಪಾಸ್‌ವರ್ಡುಗಳು ಎಷ್ಟೋ ಇನ್ನೂ ನನ್ನ ಬಾಯಲ್ಲಿವೆ. ಬಸ್ಸಿನಲ್ಲಿ ಆ ಬೀದಿಗಳನ್ನು ದಾಟುವಾಗ ಒಂದೊಂದು ಮನೆ ಕಂಡಾಗಲೂ ಒಂದೊಂದು ದೇವರ ಹೆಸರು, ಒಂದೊಂದು ಮಗುವಿನ ಹೆಸರು ತಾನಾಗಿ ನಾಲಿಗೆಗೆ ಬರುತ್ತದೆ. ನಾನು ಕೂರಿಸಿದ ಅಷ್ಟು ಮೇಲ್‌ಬಾಕ್ಸುಗಳಲ್ಲಿ ಸುಮಳದು ಮಾತ್ರ ನನಗೆ ಗೊತ್ತಿಲ್ಲ.